ಬೋರ್ಡ್ ಮ್ಯಾಲೇ ಕಂಪೈಲ್ ಮಾಡಾಕ ಯಾವ ಫೈಲ್‌ಸಿಸ್ಟಂ? ಇಎಕ್ಸ್‌ಟಿ4, ಎಫ್2ಎಫ್‌ಎಸ್, ಇಲ್ಲಾ ಟೆಂಪ್‌ಎಫ್‌ಎಸ್?

ಎಡದಂಡೆ (ಗಂಗಾವತಿ)

ಎಲ್ಲಾರಿಗೂ ನಮಸ್ಕಾರ್ರಿ. ಅಕ್ಕಿ ಗಿರಣಿಯೊಳಗ ಡ್ರೈಯರಿನ ಉಷ್ಣತೆ, ಭತ್ತದ ತೇವಾಂಶ, ವೇಬ್ರಿಜ್ ತೂಕ ಇಷ್ಟನ್ನೂ ಆರ್‌ಎಸ್-485 ಲೈನಿಂದ ಓದಿ ಡೇಟಾಬೇಸಿಗೆ ಬರಿಯೋ ಪ್ರೋಗ್ರಾಂ ಒಂದೈತಿ. ಸಿ ಪ್ಲಸ್ ಪ್ಲಸ್‌ನ್ಯಾಗ ಬರದದ್ದು. ಕಾಳಿನ ಫೋಟೊ ನೋಡಿ ನುಚ್ಚೆಷ್ಟು ಅಂತ ಲೆಕ್ಕ ಹಾಕೋ ಭಾಗಕ್ಕ ಓಪನ್‌ಸಿವಿ ಅನ್ನೋ ಚಿತ್ರ ಪರೀಕ್ಷಿಸೋ ಲೈಬ್ರರಿ ಹಚ್ಚೇವಿ, ಅದನ್ನೂ ಸೋರ್ಸಿಂದಾನ ಕಂಪೈಲ್ ಮಾಡ್ತೇವಿ.

ಬೋರ್ಡ್ ರಾಸ್ಪ್‌ಬೆರಿ ಪೈ 4 ಅನ್ನೋ ಸಣ್ಣ ಕಂಪ್ಯೂಟರ್. 2 ಜಿಬಿ ರ್‍ಯಾಮ್, 32 ಜಿಬಿಯ ಎ1 ಮೈಕ್ರೊಎಸ್‌ಡಿ ಕಾರ್ಡ್, ರೂಟ್ (ಸಿಸ್ಟಂ ಇರೋ ಪಾರ್ಟಿಷನ್) ಇಎಕ್ಸ್‌ಟಿ4 ಅನ್ನೋ ಲಿನಕ್ಸಿನ ಸಾಮಾನ್ಯ ಫೈಲ್‌ಸಿಸ್ಟಂ, ಅದೇ ಕಾರ್ಡಿನ ಮ್ಯಾಲೆ 1 ಜಿಬಿ ಸ್ವಾಪ್ ಫೈಲ್ (ಮೆಮರಿ ಸಾಲದಾಗ ಬಳಸೂ ಜಾಗ). ಮೇಕ್ -ಜೆ4 (ಒಮ್ಮೆಗೇ ನಾಲ್ಕು ಕಂಪೈಲ್) ಹೊಡದು ಪೂರಾ ಬಿಲ್ಡ್ ಮಾಡಿದಾಗ ಟೈಮ್ ಕಮಾಂಡ್ ತೋರಿಸಿದ್ದು: ರಿಯಲ್ (ಗಡಿಯಾರದ ಹೊತ್ತು) 52 ನಿಮಿಷ, ಯೂಸರ್ (ಸಿಪಿಯು ಪ್ರೋಗ್ರಾಂ ಓಡಿಸಿದ್ದು) 118 ನಿಮಿಷ, ಸಿಸ್ (ಸಿಪಿಯು ಕರ್ನಲ್ ಕೆಲಸ ಮಾಡಿದ್ದು) 14 ನಿಮಿಷ.

ಫ್ಲ್ಯಾಶ್ ಮೆಮರಿಗಂತ ಮಾಡಿದ ಎಫ್2ಎಫ್‌ಎಸ್‌ಗೆ ಬದಲಿಸಿದ್ರ ಎಷ್ಟು ಫರಕು ಬೀಳತೈತಿ? ಬಿಲ್ಡ್ ಡೈರೆಕ್ಟರಿ ಟೆಂಪ್‌ಎಫ್‌ಎಸ್‌ನ್ಯಾಗ (ಮೆಮರಿಯೊಳಗೇ ಇರೋ ಫೈಲ್‌ಸಿಸ್ಟಂ) ಇಡಾಕ 2 ಜಿಬಿ ಸಾಕಾಗತೈತೇನು? ಗಿರಣಿ ಲೈನಿನ ಕರೆಂಟ್ ಹೇಳಿ ಕೇಳಿ ಹೋಗೂದಿಲ್ಲ, ಹಿಂಗಾಗಿ ವೇಗಕ್ಕಂತ ಏನಾರ ಮಾಡಿ ಡೇಟಾ ಕಳಕೊಳ್ಳೋ ಹಂಗ ಆಗಬಾರದು. ಬೀಗಲ್‌ಬೋನ್ ಬ್ಲ್ಯಾಕ್ ಅನ್ನೋ ಇನ್ನೊಂದು ಸಣ್ಣ ಬೋರ್ಡೂ ಐತಿ, ಅದಕ್ಕೂ ಇದೇ ಕೋಡ್ ಹೋಗಬೇಕು.

ಕೃಷ್ಣಾತೀರ (ರಾಯಚೂರು)

ಫೈಲ್‌ಸಿಸ್ಟಂ ಬದಲಿಸೋಕಿಂತ ಮೊದಲ ನೀವೇ ಕೊಟ್ಟ ಮೂರು ಅಂಕಿ ಓದ್ರಿ, ಅರ್ಧ ಉತ್ತರ ಅಲ್ಲೇ ಅದ. ನಾಲ್ಕು ಕೋರ್, 52 ನಿಮಿಷ, ಅಂದ್ರ 208 ಕೋರ್-ನಿಮಿಷ ನಿಮ್ಮ ಕೈಯಾಗ ಇತ್ತು. ಯೂಸರ್, ಸಿಸ್ ಕೂಡಿಸಿದ್ರ 132. ಉಳಿದ 76 ಕೋರ್-ನಿಮಿಷ ಸಿಪಿಯು ಸುಮ್ಮನ ಕುಂತದ. ಕಾಯೋದು ಪೂರಾ ಸೊನ್ನೆ ಆದ್ರೂ 132ನ್ನ 4ರಿಂದ ಭಾಗಿಸಿದ್ರ ಬರೋ 33 ನಿಮಿಷಕ್ಕಿಂತ ಕೆಳಗ ಇಳಿಯಂಗಿಲ್ಲ. ಯಾವ ಫೈಲ್‌ಸಿಸ್ಟಂ ಹಾಕಿದ್ರೂ ಉಳಿಸೋದು ಈ 19 ನಿಮಿಷದ ಒಳಗೇ. ಅದರಾಗೂ ಎಲ್ಲಾ ಕಾರ್ಡಿನ ತಪ್ಪಲ್ಲ. ಕೊನೀಗೆ ಲಿಂಕ್ ಮಾಡೋದು ಒಂದೇ ಕೋರ್ ಮ್ಯಾಲ ಓಡ್ತದ, ಆಗ ಉಳಿದ ಮೂರು ಖಾಲಿ ಇರ್ತಾವ.

ಕಂಪೈಲರ್ ಡಿಸ್ಕಿಗೆ ಏನು ಕೆಲಸ ಹಚ್ತದ ಅಂತ ತಿಳಕೊಂಡ್ರ ಉಳಿದದ್ದು ತಾನೇ ತಿಳೀತದ. ಒಂದು ಸಿಪಿಪಿ ಫೈಲಿಗೆ ನೂರಾರು ಹೆಡರ್ ತೆರೀತದ, ಸಿಗದ ಕಡೆನೂ ಹುಡುಕತದ. ಇವು ಒಮ್ಮೆ ಓದಿದ ಮ್ಯಾಲ ಪೇಜ್ ಕ್ಯಾಶ್‌ನಾಗ (ಕರ್ನಲ್ ಮೆಮರಿಯಾಗ ಇಟ್ಟ ನಕಲು) ಉಳೀತಾವ, ಎರಡನೇ ಸಲ ಕಾರ್ಡ್ ತನಕ ಹೋಗೋದೇ ಇಲ್ಲ. ಬರೆಯೋದು ಅಂದ್ರ ಆಬ್ಜೆಕ್ಟ್ ಫೈಲುಗಳು. ಜಿಸಿಸಿ ಕಂಪೈಲರ್ ಅವಕ್ಕ ಎಫ್‌ಸಿಂಕ್ (ಈಗಲೇ ಡಿಸ್ಕಿಗೆ ಬರೀ ಅನ್ನೋ ಆಜ್ಞೆ) ಕರೆಯಂಗಿಲ್ಲ. ಮೆಮರಿಯಾಗ ಬರೆದು ಮುಂದ ಹೋಗ್ತದ, ಕರ್ನಲ್ ಅವನ್ನ ಸುಮಾರು 30 ಸೆಕೆಂಡಿನ ನಂತರ ಕಾರ್ಡಿಗೆ ಇಳಸ್ತದ (ಡರ್ಟಿ ಎಕ್ಸ್‌ಪೈರ್ ಸೆಂಟಿಸೆಕ್ಸ್ ಅನ್ನೋ ಸೆಟ್ಟಿಂಗ್ ಸಹಜವಾಗಿ 3000 ಇರ್ತದ). ಹಂಗಾಗಿ ಮೆಮರಿ ಸಾಕಷ್ಟು ಇದ್ರ ಇಎಕ್ಸ್‌ಟಿ4, ಎಫ್2ಎಫ್‌ಎಸ್ ನಡುವಿನ ಅಂತರ ಕಂಪೈಲರಿಗೆ ಕಾಣೋದೇ ಇಲ್ಲ. ಮೆಮರಿ ಸಾಲದಿದ್ರ ಮಾತು ಬ್ಯಾರೆ: ಕ್ಯಾಶ್ ಖಾಲಿ ಮಾಡ್ತದ, ಅದೇ ಹೆಡರ್ ಮತ್ತ ಮತ್ತ ಕಾರ್ಡಿಂದ ಓದ್ತದ, ಮ್ಯಾಲ ಸ್ವಾಪ್ ಬ್ಯಾರೆ ಅದೇ ಕಾರ್ಡಿಗೆ. ನಿಮ್ಮ 2 ಜಿಬಿ ಬೋರ್ಡ್ ಮ್ಯಾಲ ಓಪನ್‌ಸಿವಿ ಹೆಡರ್ ಇರೋ ನಾಲ್ಕು ಕಂಪೈಲರ್ ಒಮ್ಮೆಗೇ ಓಡ್ಸಿದ್ರ ಇದೇ ಆಗ್ತಿರಬೇಕು ಅಂತ ನನ್ನ ಅನುಮಾನ.

ಅಳತಿ ಮಾಡ್ರಿ. ಬಿಲ್ಡ್ ನಡೀವಾಗ ಇನ್ನೊಂದು ಟರ್ಮಿನಲ್‌ನಾಗ ವಿಎಂಸ್ಟ್ಯಾಟ್ 5 ಓಡಿಸಿ ಎಸ್‌ಐ, ಎಸ್‌ಓ (ಸ್ವಾಪಿಂದ ಓದಿದ್ದು, ಸ್ವಾಪಿಗೆ ಬರೆದದ್ದು), ಡಬ್ಲ್ಯೂಎ (ಡಿಸ್ಕಿಗೆ ಕಾದ ಶೇಕಡಾ ಹೊತ್ತು) ಕಾಲಂ ನೋಡ್ರಿ. ಎಸ್‌ಐ, ಎಸ್‌ಓ ಸೊನ್ನೆ ಇದ್ದು ಡಬ್ಲ್ಯೂಎ ಒಂದೇ ಸಮ 15, 20 ಅಂತ ಇದ್ರ ಕಾರ್ಡಿನ ಸಮಸ್ಯೆ. ಎಸ್‌ಐ, ಎಸ್‌ಓ ಎರಡೂ ಏರಿದ್ರ ರ್‍ಯಾಮಿನ ಸಮಸ್ಯೆ, ಫೈಲ್‌ಸಿಸ್ಟಂ ಮರತುಬಿಡ್ರಿ. ಮೂರೂ ಸೊನ್ನೆ ಹತ್ರ ಇದ್ರ ಸಿಪಿಯುನೇ ಮಿತಿ. ಜೊತೀಗೆ ವಿಸಿಜೆನ್‌ಕಮಾಂಡಿನ ಗೆಟ್ ಥ್ರಾಟಲ್ಡ್ ಏನು ಹೇಳ್ತದ ನೋಡ್ರಿ. ಸೊನ್ನೆ ಬಿಟ್ಟು ಬ್ಯಾರೆ ಏನೇ ಬಂದ್ರೂ ಬಿಸಿಗೋ ಕಡಿಮೆ ವೋಲ್ಟೇಜಿಗೋ ಸಿಪಿಯು ವೇಗ ಇಳಿದದ. ಪೈ 4 ಸಾಮಾನ್ಯವಾಗಿ 80 ಡಿಗ್ರಿಗೆ ವೇಗ ತಗ್ಗಿಸ್ತದ. ನಮ್ಮ ಕಡೆ ಬ್ಯಾಸಗಿಯಾಗ ಹೊರಗೇ 40 ದಾಟಿರ್ತದ. ಮುಚ್ಚಿದ ಡಬ್ಬಿಯಾಗ ಫ್ಯಾನ್ ಇಲ್ಲದ ಬೋರ್ಡ್ ನಾಲ್ಕೂ ಕೋರ್ ತುಂಬಿ ಓಡಿದ್ರ ಆ ಮಿತಿ ಮುಟ್ಟೋಕ ಹೊತ್ತು ಬೇಕಾಗಿಲ್ಲ.

ಎರಡು ಫೈಲ್‌ಸಿಸ್ಟಂ ಹೋಲಿಸೋರು ಮಾಡೋ ಎರಡು ತಪ್ಪು ಅವ. ಒಂದು, ಪ್ರತಿ ಸಲ ಓಡಿಸೋ ಮೊದಲ ಸಿಂಕ್ ಕೊಟ್ಟು, ಡ್ರಾಪ್ ಕ್ಯಾಶಸ್‌ಗೆ 3 ಬರೆದು ಕ್ಯಾಶ್ ಖಾಲಿ ಮಾಡದಿದ್ರ ಎರಡನೇದಾಗಿ ಓಡಿಸಿದ್ದು ಸುಮ್ಮನ ಗೆಲ್ತದ. ಇನ್ನೊಂದು, ಇಎಕ್ಸ್‌ಟಿ4 ಹೊಸದಾಗಿ ಫಾರ್ಮ್ಯಾಟ್ ಮಾಡಿದಾಗ ಐನೋಡ್ ಟೇಬಲ್ (ಒಂದೊಂದು ಫೈಲಿನ ವಿವರ ಇಡೋ ಪಟ್ಟಿ) ಪೂರಾ ಬರೆದಿರಂಗಿಲ್ಲ. ಮೌಂಟ್ ಆದ ಮ್ಯಾಲ ಇಎಕ್ಸ್‌ಟಿ4 ಲೇಜಿಇನಿಟ್ ಅನ್ನೋ ಥ್ರೆಡ್ ಹಿಂದಿನಿಂದ ಬರೀತಾ ಇರ್ತದ. ಆಗಲೇ ಅಳತಿ ತಗೊಂಡ್ರ ಇಎಕ್ಸ್‌ಟಿ4 ನಿಧಾನ ಅಂತ ತಪ್ಪು ತೀರ್ಮಾನ ಬರ್ತದ. ಫಾರ್ಮ್ಯಾಟ್ ಮಾಡೋವಾಗ ಲೇಜಿ ಐಟೇಬಲ್ ಇನಿಟ್ 0 ಅಂತ ಕೊಡ್ರಿ.

ಕೋಟೆಗುಡ್ಡ (ಬಳ್ಳಾರಿ)

ರಾಯಚೂರಿನ ಅಣ್ಣ ಹೇಳಿದ ಲೆಕ್ಕ ಸರಿ ಐತೆ. ಎಫ್2ಎಫ್‌ಎಸ್ ಕೆಲಸಕ್ಕೆ ಬರಲ್ಲ ಅಂತ ಮಾತ್ರ ಯಾರೂ ತಿಳ್ಕೋಬಾರದು, ಅದರ ಜಾಗ ಬೇರೆ.

ಎಫ್2ಎಫ್‌ಎಸ್ ಸ್ಯಾಮ್‌ಸಂಗ್‌ನವರು ಮಾಡಿದ್ದು, 2013ರಲ್ಲಿ 3.8 ಕರ್ನಲ್ ಜೊತೆ ಬಂತು. ಚದುರಿದ ಸಣ್ಣ ಬರಹಗಳನ್ನ ಒಟ್ಟುಗೂಡಿಸಿ 2 ಎಂಬಿ ಸೆಗ್ಮೆಂಟುಗಳಲ್ಲಿ ಸಾಲಾಗಿ ಬರೆಯೋದು ಅದರ ಕೆಲಸ. ಇದರ ಲಾಭ ಎಫ್‌ಸಿಂಕ್ ಪದೇ ಪದೇ ಬೀಳೋ ಕಡೆ: ಎಸ್‌ಕ್ಯೂಲೈಟ್ ಡೇಟಾಬೇಸ್, ಡಿಪಿಕೆಜಿಯಿಂದ ಪ್ಯಾಕೇಜ್ ಹಾಕೋದು. ಹಾಗಾಗಿ ನಿಮ್ಮ ಬಿಲ್ಡಿಗಿಂತ ತೂಕ, ತೇವಾಂಶ ಬರೆಯೋ ಡೇಟಾಬೇಸ್ ಪಾರ್ಟಿಷನ್‌ಗೆ ಅದು ಒಪ್ಪುತ್ತೆ. ಕರೆಂಟ್ ಹೋಗಿ ಬಂದಾಗ ಕೊನೆಯ ಚೆಕ್‌ಪಾಯಿಂಟಿಗೆ ವಾಪಸ್ ಹೋಗಿ, ಎಫ್‌ಸಿಂಕ್ ಆದದ್ದನ್ನ ಮುಂದಕ್ಕೆ ತರುತ್ತೆ. ಎಫ್‌ಸಿಂಕ್ ಮೋಡ್‌ನ ನೋಬ್ಯಾರಿಯರ್ ಮಾಡಬೇಡಿ. ಬೆಂಚ್‌ಮಾರ್ಕಿನಲ್ಲಿ ಚೆನ್ನಾಗಿ ಕಾಣುತ್ತೆ, ನಿಮ್ಮಂಥ ಲೈನಿನಲ್ಲಿ ಅಪಾಯ.

ಎಸ್‌ಡಿ ಕಾರ್ಡಿನಲ್ಲಿ ಹಾಕೋರು ಇನ್ನೊಂದು ಗಮನಿಸಬೇಕು. ಎಫ್2ಎಫ್‌ಎಸ್ ಸಹಜವಾಗಿ ಆರು ಕಡೆ ಒಟ್ಟಿಗೆ ಬರೆಯುತ್ತೆ. ಅಗ್ಗದ ಕಾರ್ಡಿನ ಕಂಟ್ರೋಲರ್ ಒಮ್ಮೆಗೆ ಕೆಲವೇ ಎರೇಸ್ ಬ್ಲಾಕ್‌ಗಳನ್ನ ತೆರೆದಿಟ್ಟುಕೊಳ್ಳಬಲ್ಲದು. ಅದನ್ನ ಮೀರಿದರೆ ಒಳಗೇ ಕಾಪಿ ಮಾಡೋಕೆ ಶುರುಮಾಡುತ್ತೆ, ವೇಗ ಬಿದ್ದುಹೋಗುತ್ತೆ. ಅಂಥ ಕಾರ್ಡಿಗೆ ಮೌಂಟ್ ಆಯ್ಕೆಯಲ್ಲಿ ಆಕ್ಟಿವ್ ಲಾಗ್ಸ್ 2 ಅಥವಾ 4 ಕೊಟ್ಟು ನೋಡಿ. ಪಾರ್ಟಿಷನ್ ತುಂಬುತ್ತಾ ಬಂದ ಹಾಗೆ ಖಾಲಿ ಸೆಗ್ಮೆಂಟ್ ಹುಡುಕೋ ಕೆಲಸ ಹೆಚ್ಚಾಗುತ್ತೆ, ಐದರಲ್ಲಿ ಒಂದು ಪಾಲಾದರೂ ಖಾಲಿ ಬಿಡಿ.

ಬಿಲ್ಡಿಗೆ ಅಂತಲೇ ನನ್ನ ಸಲಹೆ ಬೇರೆ: ಜರ್ನಲ್ (ಬದಲಾವಣೆಯನ್ನ ಮೊದಲೇ ಬರೆದಿಡೋ ದಾಖಲೆ) ಇಲ್ಲದ ಇಎಕ್ಸ್‌ಟಿ4 ಪಾರ್ಟಿಷನ್. ಎಂಕೆಎಫ್‌ಎಸ್ ಕೊಡುವಾಗ ಹ್ಯಾಸ್ ಜರ್ನಲ್ ಅನ್ನೋ ಗುಣ ತೆಗೆದುಹಾಕಿ. ಆಬ್ಜೆಕ್ಟ್ ಫೈಲುಗಳು ಮತ್ತೆ ಹುಟ್ಟುವಂಥವು, ಅವನ್ನ ಕಾಪಾಡೋಕೆ ಮೆಟಾಡೇಟಾ ಎರಡೆರಡು ಸಲ ಬರೆಯೋದು ದಂಡ. ಕರೆಂಟ್ ಹೋಗಿ ಅದು ಕೆಟ್ಟರೆ ರಿಪೇರಿ ಮಾಡೋ ಗೋಜಿಗೇ ಹೋಗಬೇಡಿ, ಆ ಪಾರ್ಟಿಷನ್ ಒಂದನ್ನೇ ಹೊಸದಾಗಿ ಫಾರ್ಮ್ಯಾಟ್ ಮಾಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ ಅದಕ್ಕೆ ನೋಆಟೋ ಹಾಕಿ, ಇಲ್ಲದಿದ್ದರೆ ಅದು ಕೆಟ್ಟ ದಿನ ಬೂಟ್ ನಿಂತುಬಿಡುತ್ತೆ. ಐನೋಡ್ ಲೆಕ್ಕವೂ ನೋಡಿಕೊಳ್ಳಿ. 16 ಕೆಬಿಗೆ ಒಂದು ಐನೋಡ್ ಅಂತ ಸಹಜ ಲೆಕ್ಕ, ಅಂದರೆ 2 ಜಿಬಿ ಪಾರ್ಟಿಷನ್‌ಗೆ 1,31,072. ಲಿನಕ್ಸ್ ಕರ್ನಲ್ ಸೋರ್ಸ್ ಮತ್ತು ಬಿಲ್ಡ್ ಎರಡನ್ನೂ ಅದರಲ್ಲೇ ಇಟ್ಟರೆ ಜಾಗ ಇದ್ದೂ ಜಾಗ ಇಲ್ಲ ಅನ್ನೋ ಎರರ್ ಬರಬಹುದು. ಆಗ ಡಿಎಫ್ -ಐ ನೋಡಿದರೆ ಗೊತ್ತಾಗುತ್ತೆ.

ರೂಟ್ ಪಾರ್ಟಿಷನ್ ಜರ್ನಲ್ ಸಮೇತ ಇಎಕ್ಸ್‌ಟಿ4 ಆಗಿಯೇ ಇರಲಿ. ನೋಎಟೈಮ್ (ಫೈಲ್ ಓದಿದ ಸಮಯ ಬರೆಯಬೇಡ ಅನ್ನೋ ಆಯ್ಕೆ) ಹಾಕಿ, ಆದರೆ ಅದರಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ. ರೆಲ್‌ಎಟೈಮ್ 2009ರಿಂದಲೇ ಸಹಜ ಸೆಟ್ಟಿಂಗ್ ಆಗಿರೋದರಿಂದ ಹಳೇ ಕಾಟ ಈಗಿಲ್ಲ.

ಬಿಟಿಆರ್‌ಎಫ್‌ಎಸ್ ಕಂಪ್ರೆಷನ್ ಬೇಡ. ಕಂಪೈಲ್ ಮಾಡೋವಾಗ ಬಿಡುವಿಲ್ಲದ ಸಿಪಿಯುಗೆ ಇನ್ನೊಂದು ಕೆಲಸ ಹಚ್ಚಿದಂಗೆ. ಪೆನ್‌ಡ್ರೈವಿನ ಫ್ಯಾಟ್, ಎಕ್ಸ್‌ಫ್ಯಾಟ್ ಮೇಲೂ ಬಿಲ್ಡ್ ಬೇಡ: ಸಿಮ್‌ಲಿಂಕ್ (ಬೇರೆ ಫೈಲಿನ ದಾರಿ ತೋರಿಸೋ ಕೊಂಡಿ) ಇಲ್ಲ, ಫ್ಯಾಟ್‌ನಲ್ಲಿ ಫೈಲ್ ಬದಲಾದ ಸಮಯ 2 ಸೆಕೆಂಡಿನ ಲೆಕ್ಕದಲ್ಲಿ ದಾಖಲಾಗುತ್ತೆ. ಮೇಕ್ ನಂಬಿರೋದೇ ಆ ಸಮಯವನ್ನ. ಕರ್ನಲ್ ಸೋರ್ಸಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬಿಟ್ಟರೆ ಹೆಸರು ಒಂದೇ ಆಗಿರೋ ನೆಟ್‌ಫಿಲ್ಟರ್ ಹೆಡರ್‌ಗಳೂ ಅವೆ, ಫ್ಯಾಟ್‌ನಲ್ಲಿ ಒಂದರ ಮೇಲೆ ಒಂದು ಬಿದ್ದು ಅಳಿಸಿಹೋಗುತ್ತವೆ.

ಎಡದಂಡೆ (ಗಂಗಾವತಿ)

ಇಬ್ಬರಿಗೂ ಶರಣ್ರಿ. ಅಳತಿ ತಗೊಂಡೆ. ವಿಎಂಸ್ಟ್ಯಾಟ್‌ನ್ಯಾಗ ಎಸ್‌ಐ, ಎಸ್‌ಓ ಎರಡೂ ಸಾವಿರದ ಮ್ಯಾಲೆ ಓಡತಾವ, ಡಬ್ಲ್ಯೂಎ ಏರತೈತಿ, ಇಳಿತೈತಿ. ಗೆಟ್ ಥ್ರಾಟಲ್ಡ್ ಹೆಕ್ಸ್ 50000 ತೋರಿಸ್ತು.

ಇನ್ನೊಂದು ತೊಂದ್ರಿ ಐತಿ. ಬಿಲ್ಡ್ ನಡುವ ಕರೆಂಟ್ ಹೋಗಿ ಬಂದ ಮ್ಯಾಲೆ ಮತ್ತ ಮೇಕ್ ಹೊಡದ್ರ ಕಂಪೈಲ್ ಆದಂಗ ಮಾಡಿ, ಲಿಂಕ್ ಹೊತ್ತಿಗೆ ಆಬ್ಜೆಕ್ಟ್ ಫೈಲ್ ಟ್ರಂಕೇಟೆಡ್ ಅಂತ ನಿಲ್ಲತೈತಿ. ಕ್ಲಾಕ್ ಸ್ಕ್ಯೂ ಅನ್ನೋ ಎಚ್ಚರಿಕೆನೂ ಬರತೈತಿ. ಕಾರ್ಡ್ ಹೋತೇನು?

ಕೃಷ್ಣಾತೀರ (ರಾಯಚೂರು)

ಕಾರ್ಡ್ ಹೋಗಿಲ್ಲ, ಗಾಬರಿ ಆಗಬ್ಯಾಡ್ರಿ. ಮ್ಯಾಲ ಹೇಳಿದ 30 ಸೆಕೆಂಡಿನ ವಿಷಯದ ಇನ್ನೊಂದು ಮುಖ ಇದು. ಇಎಕ್ಸ್‌ಟಿ4 ಫೈಲಿನ ಹೆಸರು, ಸಮಯ ಮೊದಲ ಕಾರ್ಡಿಗೆ ಇಳಿಸಿರ್ತದ, ಒಳಗಿನ ಡೇಟಾಕ್ಕ ಜಾಗ ಕೊಡೋದು ಆಮ್ಯಾಲ. ನಡುವ ಕರೆಂಟ್ ಹೋದ್ರ ಸೊನ್ನೆ ಬೈಟಿನ ಆಬ್ಜೆಕ್ಟ್ ಫೈಲ್ ಉಳೀತದ. ಅದರ ಸಮಯ ಸೋರ್ಸಿಗಿಂತ ಹೊಸದು, ಹಿಂಗಾಗಿ ಮೇಕ್ ಅದನ್ನ ಸರಿ ಅಂತ ಬಿಟ್ಟುಬಿಡ್ತದ. ಫೈಂಡ್ ಕಮಾಂಡಿಗೆ ಹೆಸರು ಡಾಟ್ ಓ ಅಂತ ಮುಗಿಯೋ, ಸೈಜ್ 0 ಇರೋ ಫೈಲ್ ಹುಡುಕಿ ಡಿಲೀಟ್ ಮಾಡಂತ ಹೇಳಿ ಮತ್ತ ಮೇಕ್ ಓಡಿಸ್ರಿ. ಡಿಪೆಂಡೆನ್ಸಿ ಬರೆಯೋ ಡಾಟ್ ಡಿ ಫೈಲುಗಳನ್ನೂ ಹಂಗೇ ನೋಡ್ರಿ. ಅವು ಖಾಲಿ ಇದ್ರ ಎರರ್ ಬರಂಗಿಲ್ಲ. ಹೆಡರ್ ಬದಲಾದ್ರೂ ಕಂಪೈಲ್ ಆಗಂಗಿಲ್ಲ, ಅದು ಇನ್ನೂ ಕೆಟ್ಟದ್ದು.

ಕ್ಲಾಕ್ ಸ್ಕ್ಯೂ ಬರೋದು ಪೈ 4ರೊಳಗ ಗಡಿಯಾರದ ಚಿಪ್ ಇಲ್ಲದ್ದಕ್ಕ. ಬೋರ್ಡ್ ಎದ್ದಾಗ ಹಿಂದ ಉಳಿಸಿಟ್ಟ ಸಮಯದಿಂದ ಎಣಿಸ್ತದ, ನೆಟ್ ಸಿಗೋ ತನಕ ಹಿಂದೇ ಇರ್ತದ, ಫೈಲುಗಳು ಮುಂದಿನ ಕಾಲದ್ದು ಅನ್ನಿಸ್ತಾವ. ಡಿಎಸ್3231 ಮಾಡ್ಯೂಲ್ ಒಂದು ಐ-ಸ್ಕ್ವೇರ್-ಸಿ ಪಿನ್ನಿಗೆ ಕೂಡಿಸ್ರಿ, ಕಾನ್ಫಿಗ್ ಫೈಲಿನಾಗ ಅದರ ಓವರ್‌ಲೇ ಹಾಕ್ರಿ. ತೂಕದ ದಾಖಲೆ ಇಡೋ ಗಿರಣಿಗೆ ಇದು ಬಿಲ್ಡಿನ ಸಲುವಾಗಿ ಅಲ್ಲದಿದ್ರೂ ಬೇಕೇ ಬೇಕು, ತಪ್ಪು ಸಮಯ ಹೊತ್ತ ತೂಕದ ಸಾಲು ಆಮ್ಯಾಲ ಯಾರಿಗೂ ತಿದ್ದೋಕ ಬರಂಗಿಲ್ಲ.

ಈಗ ವೇಗದ ಮಾತು. ಹೆಕ್ಸ್ 50000 ಅಂದ್ರ ಬೋರ್ಡ್ ಎದ್ದ ಮ್ಯಾಲ ಯಾವಾಗಾದರ ಕಡಿಮೆ ವೋಲ್ಟೇಜ್ ಆಗ್ಯದ, ವೇಗನೂ ಇಳಿದದ, ಈ ಕ್ಷಣಕ್ಕ ಇಲ್ಲ. ಫೋನ್ ಚಾರ್ಜರ್ ತಗದು 5.1 ವೋಲ್ಟ್ 3 ಆಂಪಿಯರಿನ ಅಡಾಪ್ಟರ್, ದಪ್ಪ ತಂತಿಯ ಗಿಡ್ಡ ಕೇಬಲ್ ಹಾಕ್ರಿ. 118 ನಿಮಿಷದ ಯೂಸರ್ ಟೈಮೇ ಇದರಿಂದ ಕಡಿಮೆ ಆಗಬಹುದು, ಅಂದ್ರ ಆ 33 ನಿಮಿಷದ ತಳಾನೇ ಕೆಳಗ ಹೋಗ್ತದ.

ರ್‍ಯಾಮಿಗೆ: ಎಲ್ಲಕ್ಕಿಂತ ದಪ್ಪ ಸಿಪಿಪಿ ಫೈಲ್ ಒಂದನ್ನ ಯುಎಸ್‌ಆರ್ ಬಿನ್ ಒಳಗಿನ ಟೈಮ್‌ಗೆ -ವಿ ಕೊಟ್ಟು ಕಂಪೈಲ್ ಮಾಡ್ರಿ, ಮ್ಯಾಕ್ಸಿಮಂ ರೆಸಿಡೆಂಟ್ ಸೆಟ್ ಸೈಜ್ ಅನ್ನೋ ಸಾಲು ನೋಡ್ರಿ. ಅದು 600 ಎಂಬಿ ಬಂದ್ರ ನಾಲ್ಕಕ್ಕ 2.4 ಜಿಬಿ ಆಯ್ತು, ನಿಮ್ಮ ಹತ್ರ ಇರೋದೇ 2. ಆಗ ಜೆ2 ಓಡಿಸಿದ್ರ ಜೆ4ಕ್ಕಿಂತ ಬೇಗ ಮುಗೀತದ. ಕಾರ್ಡಿನ ಸ್ವಾಪ್ ತಗದು ಜಿರ್‍ಯಾಮ್ (ಮೆಮರಿಯೊಳಗೇ ಕುಗ್ಗಿಸಿ ಇಡೋ ಸ್ವಾಪ್) ಹಾಕ್ರಿ, 1 ಜಿಬಿ, ಎಲ್‌ಜೆಡ್4 ಕಂಪ್ರೆಷನ್. ಸ್ವಾಪಿನೆಸ್ 100ಕ್ಕ ಏರಿಸಿ, ಪೇಜ್ ಕ್ಲಸ್ಟರ್ 0 ಮಾಡ್ರಿ. ಸಾಮಾನ್ಯ ಡಿಸ್ಕಿಗೆ ಹೇಳೋ ಸ್ವಾಪಿನೆಸ್ 10ರ ಸಲಹೆ ಇಲ್ಲಿ ತಿರುಗಾಮುರುಗಾ.

ಟೆಂಪ್‌ಎಫ್‌ಎಸ್ ನಿಮ್ಮ ಬೋರ್ಡಿಗೆ ಬ್ಯಾಡ. ಅದರಾಗ ಇಟ್ಟ ಪ್ರತಿ ಎಂಬಿ ಕಂಪೈಲರಿಗೆ ಸಿಗಬೇಕಾದ ಎಂಬಿ. ಸಹಜ ಮಿತಿ ರ್‍ಯಾಮಿನ ಅರ್ಧ, ಡಿಬಗ್ ಮಾಹಿತಿ ಸೇರಿದ ಬಿಲ್ಡ್ 1 ಜಿಬಿ ತುಂಬಿಸ್ತದ. ಆಮ್ಯಾಲ ಜಾಗ ಇಲ್ಲ ಅಂತ ನಿಲ್ತದ, ಇಲ್ಲಾ ಕರ್ನಲ್ ಕಂಪೈಲರನ್ನ ಕೊಂದು ಕಿಲ್ಡ್ ಅಂತ ಒಂದೇ ಪದ ತೋರಿಸ್ತದ. 4 ಅಥವಾ 8 ಜಿಬಿ ಬೋರ್ಡ್ ಇದ್ದೋರಿಗೆ ಮಾತ್ರ ಟೆಂಪ್‌ಎಫ್‌ಎಸ್ ಒಳ್ಳೇದು, ಆದ್ರ ನೋಎಕ್ಸೆಕ್ (ಇಲ್ಲಿಂದ ಪ್ರೋಗ್ರಾಂ ಓಡಿಸಬಾರದು ಅನ್ನೋ ಆಯ್ಕೆ) ಇಲ್ಲದಂಗ ಮೌಂಟ್ ಮಾಡ್ರಿ. ನೋಎಕ್ಸೆಕ್ ಇದ್ರ ಕಾನ್ಫಿಗರ್ ಸ್ಕ್ರಿಪ್ಟೇ ಪರ್ಮಿಷನ್ ಡಿನೈಡ್ ಅಂತದ.

ಇವೆಲ್ಲದಕ್ಕಿಂತ ದೊಡ್ಡ ಉಳಿತಾಯ ಬ್ಯಾರೆ ಅದ. ಓಪನ್‌ಸಿವಿ ಕಂಪೈಲ್ ಮಾಡೋದೇ ಬಿಡ್ರಿ, ಲಿಬ್‌ಓಪನ್‌ಸಿವಿ-ಡೆವ್ ಪ್ಯಾಕೇಜ್ ಡೆಬಿಯನ್‌ನಾಗ ಸಿದ್ಧ ಸಿಗ್ತದ. ಕೋಡಿನಾಗ ಓಪನ್‌ಸಿವಿ ಡಾಟ್ ಎಚ್‌ಪಿಪಿ ಅಂತ ಇಡೀ ಗಂಟು ಸೇರಿಸೋ ಬದಲು ಕೋರ್, ಇಮ್ಗ್‌ಪ್ರಾಕ್ ಹಂಗ ಬೇಕಾದಷ್ಟನ್ನೇ ಸೇರಿಸ್ರಿ. ಸಿಕ್ಯಾಶ್ (ಹಿಂದ ಕಂಪೈಲ್ ಮಾಡಿದ್ದನ್ನ ಉಳಿಸಿಟ್ಟು ಮತ್ತ ಕೊಡೋ ಪ್ರೋಗ್ರಾಂ) ಹಾಕ್ರಿ, ಅದರ ಡೈರೆಕ್ಟರಿ ಜರ್ನಲ್ ಇರೋ ರೂಟ್‌ನಾಗ ಇಡ್ರಿ, ಬಿಲ್ಡ್ ಪಾರ್ಟಿಷನ್‌ನಾಗ ಅಲ್ಲ. ಅಲ್ಲಿಟ್ರ ಫಾರ್ಮ್ಯಾಟ್ ಮಾಡಿದ ದಿನ ಅದೂ ಹೋಗ್ತದ. ಸಹಜ ಮಿತಿ 5 ಜಿಬಿ, 32 ಜಿಬಿ ಕಾರ್ಡಿಗೆ 2 ಜಿಬಿ ಮಾಡಿದ್ರ ಸಾಕು. ಲಿಂಕ್ ನಿಧಾನ ಇದ್ರ -ಜಿ ಜೊತೀಗೆ ಸ್ಪ್ಲಿಟ್ ಡ್ವಾರ್ಫ್ ಕೊಡ್ರಿ, ಡಿಬಗ್ ಮಾಹಿತಿ ಬ್ಯಾರೆ ಫೈಲಿಗೆ ಹೋಗಿ ಲಿಂಕರ್ ಓದೋದು ಇಳೀತದ.

ಕೋಟೆಗುಡ್ಡ (ಬಳ್ಳಾರಿ)

ಒಂದು ಸೇರಿಸ್ತೀನಿ. ಪೈ 4ರ ಕಾರ್ಡ್ ಸ್ಲಾಟ್ ಹೆಚ್ಚೆಂದರೆ ಸೆಕೆಂಡಿಗೆ 50 ಎಂಬಿ. ಎ2 ಕಾರ್ಡ್ ತಂದರೂ ಅದರ ಕಮಾಂಡ್ ಕ್ಯೂ ಲಾಭ ಪೈ 4ಕ್ಕೆ ಸಿಗಲ್ಲ, ದುಡ್ಡು ದಂಡ. ಬದಲಿಗೆ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಸಣ್ಣ ಎಸ್‌ಎಸ್‌ಡಿ ಹಾಕಿ, ಜರ್ನಲ್ ಇಲ್ಲದ ಬಿಲ್ಡ್ ಪಾರ್ಟಿಷನ್ ಅದರಲ್ಲೇ ಮಾಡಿ. ಇದರಿಂದ ಕಾರ್ಡಿನ ರೂಟ್ ಕುಗ್ಗಿಸೋ ಕೆಲಸವೂ ತಪ್ಪುತ್ತೆ, ಮೌಂಟ್ ಆಗಿರೋ ಇಎಕ್ಸ್‌ಟಿ4 ಕುಗ್ಗಿಸೋಕೆ ಬರಲ್ಲ, ಸಾಮಾನ್ಯವಾಗಿ ಕಾರ್ಡ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಬೇಕಾಗುತ್ತೆ. ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ 1.2 ಆಂಪಿಯರ್ ಮಾತ್ರ ಕೊಡುತ್ತವೆ, ಆರ್‌ಎಸ್-485 ಅಡಾಪ್ಟರ್, ಕ್ಯಾಮೆರಾ ಇದ್ದರೆ ಕೂಡಿಸಿ ನೋಡಿ. ಎಸ್‌ಎಸ್‌ಡಿ ಆಗಾಗ ಬಿಟ್ಟುಹೋಗಿ ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) ಯುಎಎಸ್ ಅಬಾರ್ಟ್ ಅಂತ ಬಂದರೆ ಸಾಟಾ ಅಡಾಪ್ಟರಿನ ಚಿಪ್ ಕಾರಣ ಇರಬಹುದು. ಕಮಾಂಡ್‌ಲೈನ್ ಫೈಲಿನಲ್ಲಿ ಯುಎಸ್‌ಬಿ ಸ್ಟೋರೇಜ್ ಕ್ವರ್ಕ್ಸ್‌ಗೆ ಆ ಚಿಪ್ಪಿನ ಐಡಿ ಕೊಟ್ಟು ಕೊನೆಗೆ ಯು ಅಕ್ಷರ ಹಾಕಿ. ಸ್ವಲ್ಪ ನಿಧಾನ ಆಗುತ್ತೆ, ಆದರೆ ಬಿಟ್ಟುಹೋಗಲ್ಲ.

ಹಗರಿ (ಬಳ್ಳಾರಿ)

ಬೀಗಲ್‌ಬೋನ್ ಬಗ್ಗೆ ಯಾರೂ ಹೇಳಲಿಲ್ಲ. 1 ಗಿಗಾಹರ್ಟ್ಸ್‌ನ ಒಂದೇ ಕೋರ್, 512 ಎಂಬಿ ರ್‍ಯಾಮ್. ಅದರ ಮೇಲೆ ಫೈಲ್‌ಸಿಸ್ಟಂ ಚರ್ಚೆಯೇ ಬೇಡ, ಸಿ ಪ್ಲಸ್ ಪ್ಲಸ್ ಅಲ್ಲಿ ಕಂಪೈಲ್ ಮಾಡಬೇಡಿ. ಲ್ಯಾಪ್‌ಟಾಪಿನಲ್ಲಿ ಆರ್ಮ್ ಲಿನಕ್ಸ್ ಗ್ನುಇಎಬಿಐಎಚ್‌ಎಫ್ ಕಂಪೈಲರ್ ಹಾಕಿ ಕ್ರಾಸ್ ಕಂಪೈಲ್ ಮಾಡಿ. ಪೈ 4ಕ್ಕೂ ಇದೇ ದಾರಿ, ಅದರಲ್ಲಿ 64-ಬಿಟ್ ಓಎಸ್ ಇದ್ದರೆ ಕಂಪೈಲರ್ ಮಾತ್ರ ಎಆರ್ಚ್64.

ಇಲ್ಲಿ ಎಲ್ಲರೂ ಎಡವೋದು ಗ್ಲಿಬ್‌ಸಿ (ಎಲ್ಲ ಪ್ರೋಗ್ರಾಂಗಳೂ ಬಳಸೋ ಮೂಲ ಸಿ ಲೈಬ್ರರಿ) ಆವೃತ್ತಿಯಲ್ಲಿ. ಲ್ಯಾಪ್‌ಟಾಪಿನ ಗ್ಲಿಬ್‌ಸಿ ಬೋರ್ಡಿಗಿಂತ ಹೊಸದಿದ್ದರೆ ಬಿಲ್ಡ್ ಸುಸೂತ್ರ ಆಗುತ್ತೆ, ಬೋರ್ಡಿನಲ್ಲಿ ಓಡಿಸಿದಾಗ ಈ ಆವೃತ್ತಿ ಸಿಗಲಿಲ್ಲ ಅಂತ ನಿಲ್ಲುತ್ತೆ. ಬೋರ್ಡಿನಲ್ಲಿರೋ ಡೆಬಿಯನ್ ಆವೃತ್ತಿಯದ್ದೇ ಕಂಟೇನರ್ ಲ್ಯಾಪ್‌ಟಾಪಿನಲ್ಲಿ ಎಬ್ಬಿಸಿ ಅದರೊಳಗೆ ಕಂಪೈಲ್ ಮಾಡೋದು ಸುಲಭ. ಇಲ್ಲವಾದರೆ ಬೋರ್ಡಿನ ಲಿಬ್, ಯುಎಸ್‌ಆರ್ ಲಿಬ್, ಯುಎಸ್‌ಆರ್ ಇನ್‌ಕ್ಲೂಡ್ ಮೂರನ್ನ ಆರ್‌ಸಿಂಕ್‌ನಿಂದ ಲ್ಯಾಪ್‌ಟಾಪಿಗೆ ನಕಲು ಮಾಡಿ, ಆ ನಕಲನ್ನ ಕಂಪೈಲರಿಗೆ ಸಿಸ್‌ರೂಟ್ ಅಂತ ಕೊಡಿ. ಹಾಗೆ ತಂದಾಗ ಕೆಲವು ಸಿಮ್‌ಲಿಂಕ್‌ಗಳು ರೂಟ್‌ನಿಂದ ಶುರುವಾಗೋ ಪೂರ್ತಿ ದಾರಿ ಹಿಡಿದಿರುತ್ತವೆ, ಅಂದರೆ ಸಿಸ್‌ರೂಟ್ ಬಿಟ್ಟು ಲ್ಯಾಪ್‌ಟಾಪಿನ ಲೈಬ್ರರಿಗೇ ಕೈ ತೋರಿಸುತ್ತವೆ. ಸಿಮ್‌ಲಿಂಕ್ಸ್ ಅನ್ನೋ ಸಣ್ಣ ಪ್ಯಾಕೇಜ್ ಡೆಬಿಯನ್‌ನಲ್ಲಿ ಐತೆ. -ಸಿ, -ಆರ್ ಕೊಟ್ಟು ಓಡಿಸಿದರೆ ಅದು ಪೂರ್ತಿ ದಾರಿಗಳನ್ನ ಸಾಪೇಕ್ಷ ದಾರಿ ಮಾಡುತ್ತೆ. ಆದರೆ ಅದು ತಿದ್ದೋದು ಆಗ ಇದ್ದ ಜಾಗದಿಂದ ಲೆಕ್ಕ ಹಾಕಿ, ಹಾಗಾಗಿ ಅದನ್ನ ಬೋರ್ಡಿನಲ್ಲೇ, ಆರ್‌ಸಿಂಕಿಗೆ ಮೊದಲೇ ಓಡಿಸಬೇಕು.